ಮೊಣಕೈ ಎತ್ತರದ ಒಲೆ

ಹರಿಹರದಿಂದ ಬರುತ್ತಿದ್ದ ಆ ಒಲೆ ಮೇಸ್ತ್ರಿಯ ಬಳಿ ಅಳತೆ ಟೇಪೇ ಇರಲಿಲ್ಲ. ಮದುವೆ ಮನೆಗಳಿಗೆ ರೊಟ್ಟಿ ಮಾಡಿಕೊಡುವ ಅವ್ವನಿಗೆ ಹೊಸ ಸೌದೆ ಒಲೆ ಹಾಕಿಸಲೆಂದು, ಆವರಗೆರೆಯ ನಮ್ಮ ಮನೆಯ ಹಿಂದಿನ ಹಳೇ ಕೋಣೆಯನ್ನು ಸರಿಮಾಡಿಸುತ್ತಿದ್ದೆ. ಮೇಸ್ತ್ರಿ ಗೋಡೆಯ ಮಸಿ ಕೆರೆದರು, ಹೊಗೆ ಕೊಳವೆಗೆ ತಗಡಿನ ಚಾವಣಿಯಲ್ಲಿ ತೂತು ಕೊರೆದರು. ಆಮೇಲೆ ಒಂದೊಂದು ವರಸೆ ಇಟ್ಟಿಗೆ ಕೂರಿಸಿದಾಗಲೂ ಕೈಯನ್ನು ಲುಂಗಿಗೆ ಒರೆಸಿಕೊಂಡು, "ಕೂಡ್ರಿ, ನೋಡಾಣ" ಎನ್ನುವರು. ಎದುರಿಗೆ ತಾವೂ ಕುಕ್ಕರಗಾಲಲ್ಲಿ ಕೂತು ಗಾಳಿಯಲ್ಲೇ ರೊಟ್ಟಿ ಬಡಿದು ತೋರಿಸುವರು.

ಅವ್ವ ನಂದಿಗುಡಿಯ ಅಕ್ಕನ ಮನೆಗೆ ಹೋಗಿದ್ದಳು. ಒಲೆಯ ಎತ್ತರಕ್ಕೆ ಅಳತೆ ಕೊಡಲು ಅವಳ ಬದಲು ನಾನೇ ಕೂತೆ.

"ರೊಟ್ಟಿ ಮಾಡೋರು ನೀವೇನ್ರಿ?"

"ಹೂಂ ಅನ್ಕಳ್ರಿ ಮೇಸ್ತ್ರಿ" ಎಂದೆ. ನನಗೆ ಕೆಲಸ ಮುಗಿದರೆ ಸಾಕಾಗಿತ್ತು.

ಸಂಜೆ ಬಸ್ಸಿಗೆ ಅವ್ವ ಬಂದಳು. ಅಷ್ಟರಲ್ಲಿ ಒಲೆಗೆ ಮಣ್ಣು ಮೆತ್ತಿ ಆಗಿತ್ತು.

"ಕೂಡ್ರಿ ಅಮ್ಮ, ನೋಡಾಣ."

ಅವ್ವ ಕೂತು, ಹಂಚು ಇಡುವ ಜಾಗಕ್ಕೆ ಕೈ ಚಾಚಿದಳು. ನನ್ನ ಅಳತೆಗೆ ಕಟ್ಟಿದ ಒಲೆ; ಅವಳ ಮೊಣಕೈ ಹೆಗಲಿನ ಸಮಕ್ಕೆ ಬಂತು.

"ಎತ್ತರ ಆತಲ್ರಿ" ಎಂದರು ಮೇಸ್ತ್ರಿ.

"ಇರ್ಲಿ ಬಿಡಪ್ಪ, ಹೊಂದ್ಕಂತೀನಿ."

ಮನೆಯಲ್ಲಿ ಎಲ್ಲದಕ್ಕೂ ಅವ್ವ ಹೇಳುವ ಮಾತು ಅದು. ಅಷ್ಟು ಕೇಳಿಸಿಕೊಂಡು ನಾವೆಲ್ಲ ಎದ್ದು ಹೋಗುತ್ತಿದ್ದೆವು. ಮೇಸ್ತ್ರಿ ಹೋಗಲಿಲ್ಲ. ಕರಣೆ ತಗೊಂಡು ಮೇಲಿನ ವರಸೆಯನ್ನು ಪೂರ್ತಿ ಕಿತ್ತುಹಾಕಿದರು.

"ಹೊಂದ್ಕಬೇಕಾದ್ದು ಒಲೆ ಅಮ್ಮ, ನೀವಲ್ಲ. ಈಗ ನೋಡ್ರಿ."

ಅವ್ವ ಮತ್ತೆ ಕೈ ಚಾಚಿದಳು. ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, "ಇನ್ನೊಂದು ವರಸೆ ತೆಗಿಯಪ್ಪ" ಎಂದಳು.