ಏಳನೆಯ ನಿಯಮ ತಿದ್ದಿದ ಮೇಷ್ಟ್ರು

ಒಂದು ದೇಶ ತನ್ನ ಹೊಗೆಯನ್ನು ಎಷ್ಟು, ಯಾವಾಗ, ಯಾರ ಕೈಯಿಂದ ಇಳಿಸಿಕೊಳ್ಳಬೇಕೆಂದು ಮೂವತ್ತು ವರ್ಷ ಮುಂದಿನ ದಾರಿ ಹಾಕಿಕೊಡುವುದು ಭವಿಷ್ಯ ಹೇಳುವುದಕ್ಕಿಂತ ಕಷ್ಟದ ಕೆಲಸ. ಭವಿಷ್ಯ ಹೇಳಿದವನನ್ನು ಮೂವತ್ತು ವರ್ಷ ಬಿಟ್ಟು ಯಾರೂ ಹುಡುಕಿಕೊಂಡು ಬರುವುದಿಲ್ಲ. ಕಡಿಮೆ ಇಂಗಾಲದ ಅಭಿವೃದ್ಧಿ ಎಂಬ ಮಾತಿಗೆ ನಮ್ಮ ಕಚೇರಿಗಳ ನಾಲಿಗೆ ಇನ್ನೂ ಹೊರಳದಿದ್ದ ಕಾಲದಲ್ಲಿ ಆ ಕೆಲಸಕ್ಕೆ ಕೈಹಾಕಿ, ಎರಡು ರಾಷ್ಟ್ರೀಯ ಕಾರ್ಯತಂತ್ರಗಳನ್ನು ರೂಪಿಸಿ, ಇದೀಗ ನಿವೃತ್ತರಾಗುತ್ತಿರುವ ಹಿರಿಯರನ್ನು ಈ ಅಭಿನಂದನ ಗ್ರಂಥದ ಇತರ ಲೇಖನಗಳು ಯೋಜನಾತಜ್ಞರೆಂದು ಕೊಂಡಾಡಿವೆ. ನಮ್ಮ ವಿಭಾಗಕ್ಕೆ ಮಾತ್ರ ಅವರು ತಕ್ಕಡಿ ಮೇಷ್ಟ್ರು. ಕಾಲೇಜಿನಲ್ಲಿ ಆರು ವರ್ಷ ಭೌತಶಾಸ್ತ್ರ ಕಲಿಸಿ ಬಂದವರಾದ್ದರಿಂದ ಮೇಷ್ಟ್ರು; ಹೆಗಲಚೀಲದಲ್ಲಿ ಸದಾ ಒಂದು ಕೊಕ್ಕೆಯ ತಕ್ಕಡಿ ಇರುತ್ತಿದ್ದುದರಿಂದ ತಕ್ಕಡಿ.

ವಿಭಾಗ ಆರಂಭವಾದದ್ದು ಕಚೇರಿಯ ಹಿಂಬದಿಯಲ್ಲಿ, ಹಳೆಯ ನಕಾಶೆಗಳ ಉಗ್ರಾಣವಾಗಿದ್ದ ಕೋಣೆಯಲ್ಲಿ. ಮೂರು ಮೇಜು, ಒಂದು ಕಿಟಕಿ. ಕಿಟಕಿಯ ಹೊರಗೆ ಇಡೀ ಕಟ್ಟಡದ ಡೀಸೆಲ್ ಜನರೇಟರ್. ಕರೆಂಟು ಹೋದಾಗಲೆಲ್ಲ ಅದರ ಹೊಗೆ ನೇರ ಒಳಗೆ ನುಗ್ಗಿ, ಹೊಗೆ ಇಳಿಸುವ ಕಡತಗಳ ಮೇಲೆಯೇ ಕಪ್ಪಗೆ ಕೂರುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಬಂದವರೆಲ್ಲ ನಗುತ್ತಿದ್ದರು. ಮೇಷ್ಟ್ರು ಅದು ಓಡಿದ ಗಂಟೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಹೋಗಿ, ಹೊರಸೂಸುವಿಕೆಯ ಮೊದಲ ಪಟ್ಟಿಯಲ್ಲಿ ಮೊದಲ ಸಾಲನ್ನು ಆ ಜನರೇಟರಿಗೇ ಕೊಟ್ಟರು. “ಬೇರೆಯವರ ಮನೆ ಒಲೆ ಇಣುಕಿ ನೋಡೋ ಮುಂಚೆ ನಮ್ಮ ಒಲೆ ತೋರಿಸ್ಬೇಕು ಕಣ್ರಯ್ಯಾ” ಎಂದರಂತೆ.

ಈ ಲೇಖಕಿ ಆ ಕೋಣೆಗೆ ಬಂದದ್ದು ಹದಿನಾರು ವರ್ಷಗಳ ಹಿಂದೆ, ತಾತ್ಕಾಲಿಕ ಸಮೀಕ್ಷಕಿಯಾಗಿ. ಬರೆದ ಮೊದಲ ವರದಿಯ ತುಂಬ ತಪ್ಪುಗಳಿದ್ದವು. ಮೇಷ್ಟ್ರು ಅವನ್ನೆಲ್ಲ ಪೆನ್ಸಿಲಿನಲ್ಲಿ ತಿದ್ದಿ, ಮೇಲೊಂದು ರಬ್ಬರ್ ಇಟ್ಟು ವಾಪಸು ಕೊಟ್ಟರು. ಸರಿಪಡಿಸಿ ಅಳಿಸಿಬಿಟ್ಟರೆ ತಪ್ಪು ಬೇರೆ ಯಾರಿಗೂ ಕಾಣುವುದಿಲ್ಲವೆಂದು. ಕೆಂಪು ಶಾಯಿಯ ಬಾಟಲಿಯನ್ನು ಅವರು ಮೇಜಿನ ಮೇಲೆ ಇಟ್ಟುಕೊಂಡದ್ದನ್ನು ಯಾರೂ ಕಂಡಿಲ್ಲ.

ಆಗ ಮೊದಲ ಕಾರ್ಯತಂತ್ರದ ಕರಡು ಸಿದ್ಧವಾಗುತ್ತಿತ್ತು. ಕಡಿಮೆ ಸೌದೆಯಲ್ಲಿ ಬೇಯಿಸುವ ಒಲೆಗಳನ್ನು ಮನೆಮನೆಗೆ ಕೊಟ್ಟರೆ ಎಷ್ಟು ಹೊಗೆ ಇಳಿಯುತ್ತದೆಂದು ಅದರಲ್ಲಿ ಬರೆಯಬೇಕಿತ್ತು; ಬರೆಯುವ ಮುನ್ನ, ಈಗ ಮನೆಯೊಂದು ದಿನಕ್ಕೆ ಎಷ್ಟು ಸೌದೆ ಉರಿಸುತ್ತದೆಂದು ತಿಳಿಯಬೇಕಿತ್ತು. ನಾನೂರ ಹನ್ನೆರಡು ಮನೆ, ಮನೆಗೆ ಮೂರು ದಿನ. ಹೊರೆಯನ್ನು ತೂಗಿ ಇಟ್ಟು ಬರುವುದು, ಸಂಜೆ ಒಮ್ಮೆ ನೋಡುವುದು, ಮರುದಿನ ಉಳಿದದ್ದನ್ನು ತೂಗುವುದು. ಆರು ಮಂದಿಯ ತಂಡಕ್ಕೆ ಈ ಲೇಖಕಿಯೇ ಮುಖ್ಯಸ್ಥೆ. ಮೇಷ್ಟ್ರು ಬರೆದ ಕೈಪಿಡಿಯ ಏಳನೆಯ ನಿಯಮ ಸ್ಪಷ್ಟವಾಗಿತ್ತು: ಅಳತೆಯ ಮನೆಗಳಲ್ಲಿ ಏನನ್ನೂ ಸ್ವೀಕರಿಸಬಾರದು.

ಆದರೆ ಹೊಸ್ತಿಲು ದಾಟಿದೊಡನೆ ಪಾತ್ರೆ ಒಲೆ ಏರುತ್ತಿತ್ತು. ಬೇಡವೆಂದರೆ ಮುಖ ಸಣ್ಣದಾಗುತ್ತಿತ್ತು. ನಮ್ಮ ಮನೆಯ ಚಹಾ ನಿಮಗೆ ಸೇರುವುದಿಲ್ಲವೋ ಎಂದು ಕೇಳುತ್ತಿದ್ದರು. “ಕುಡೀರಿ, ಪಾಪ, ಬೇಜಾರು ಮಾಡ್ಕೋತಾರೆ” ಎಂದು ತಂಡಕ್ಕೆ ಅಪ್ಪಣೆ ಕೊಟ್ಟವಳು ಈ ಲೇಖಕಿ.

ಸಮೀಕ್ಷೆ ಮುಗಿಯುವ ದಿನ ಮೇಷ್ಟ್ರು ತಾವೂ ಒಂದು ಮನೆಗೆ ಬಂದರು. ಒಬ್ಬಳೇ ಇದ್ದ ಅಜ್ಜಿ, “ಬಾಪ್ಪಾ, ಕೂತ್ಕೋ. ಈ ಹುಡುಗೀರಿಗೆ ಮಾಡ್ಕೊಡೋ ನೆವದಲ್ಲಿ ನಂಗೂ ಮೂರು ದಿನದಿಂದ ಎರಡೆರಡು ಲೋಟ ಜಾಸ್ತಿ” ಎಂದು ನಗುತ್ತ, ಆಗ ತಾನೇ ತೂಗಿಟ್ಟಿದ್ದ ಹೊರೆಯಿಂದಲೇ ಎರಡು ಸೌದೆ ಎಳೆದು ಒಲೆಗೆ ತುರುಕಿದಳು. ಮೇಷ್ಟ್ರು ಹೊರೆಯನ್ನು ನೋಡಿದರು, ಒಲೆಯನ್ನು ನೋಡಿದರು. ಆದರೂ ಚಹಾ ಬಂದಾಗ ಕೊನೆಯ ಗುಟುಕಿನವರೆಗೆ ಕುಡಿದು, “ಚೆನ್ನಾಗಿದೆ ಅಜ್ಜಿ” ಎಂದು ಲೋಟ ಕೆಳಗಿಟ್ಟರು. ಬೀದಿಗೆ ಬಂದ ಮೇಲೆ ಕೇಳಿದರು:

“ಎಷ್ಟು ಮನೇಲಿ ಕುಡಿದಿದ್ದೀರಮ್ಮಾ?”

“ಎಲ್ಲಾ ಮನೇಲೂ ಸರ್.”

ಅವರು ಗದರಲಿಲ್ಲ. ಗದರಿದ್ದರೆ ಎಷ್ಟೋ ವಾಸಿಯಿತ್ತು. ಅತಿಥಿಗಳ ಚಹಾಕ್ಕೆ ಉರಿದ ಸೌದೆಯೆಲ್ಲ ದೇಶದ ಲೆಕ್ಕದೊಳಗೆ ಸೇರಿಬಿಟ್ಟಿತ್ತು, ಅದನ್ನು ಸೇರಿಸಿದವಳು ತಾನು ಎಂಬುದು ಈ ಲೇಖಕಿಗೆ ಆಗ ಅರ್ಥವಾಯಿತು. ತಾತ್ಕಾಲಿಕ ಕೆಲಸದವರಲ್ಲಿ ಯಾರನ್ನು ಉಳಿಸಿಕೊಳ್ಳಬೇಕೆಂಬ ಕಡತ ಆ ತಿಂಗಳೇ ಮೇಲಕ್ಕೆ ಹೋಗುವುದಿತ್ತು.

ಕಾರ್ಯತಂತ್ರಕ್ಕೆ ಒಪ್ಪಿಗೆ ಕೊಡಬೇಕಾದ ಮಂಡಳಿಯ ಸಭೆಗೆ ಉಳಿದದ್ದು ಐದು ವಾರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಕಾರ್ಯತಂತ್ರದ ರಕ್ಷಾಪುಟ ಆಗಲೇ ಅಚ್ಚಾಗಿತ್ತು. ಕಾರ್ಯದರ್ಶಿಗಳ ಕೋಣೆಯಲ್ಲಿ ನಡೆದ ಮಾತನ್ನು, ಬಾಗಿಲ ಬಳಿ ಕಡತ ಹಿಡಿದು ನಿಂತಿದ್ದ ಈ ಲೇಖಕಿ ಕಿವಿಯಾರೆ ಕೇಳಿದ್ದಾಳೆ.

“ಒಂದು ಲೋಟ ಚಹಾಕ್ಕೋಸ್ಕರ ದೇಶದ ಲೆಕ್ಕ ಬದಲಾಯಿಸ್ತೀರೇನ್ರೀ? ಸೌದೆ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ, ಇಳಿಸಿದ್ದೂ ಜಾಸ್ತಿ ಕಾಣುತ್ತೆ.”

“ಅದಕ್ಕೇ ಭಯ ಸರ್. ಇಲ್ಲದೇ ಇರೋ ಹೊಗೇನ ಇಳಿಸ್ತೀವಿ ಅಂತ ಮಾತು ಕೊಟ್ಟ ಹಾಗಾಗುತ್ತೆ.”

ಐದು ವಾರದಲ್ಲಿ ನೂರು ಮನೆಗಳನ್ನು ಮತ್ತೆ ಅಳೆಯಲಾಯಿತು. ಆ ಐದು ವಾರ ಮೇಷ್ಟ್ರ ಕೈಯಲ್ಲಿ ತಕ್ಕಡಿಯ ಜೊತೆಗೆ ದೊಡ್ಡದೊಂದು ಫ್ಲಾಸ್ಕ್. ಮನೆಯವರು ಪಾತ್ರೆ ಎತ್ತುವ ಮೊದಲೇ ಅವರು ಮುಚ್ಚಳ ತಿರುಗಿಸಿ, “ಇವತ್ತು ನಮ್ಮ ಮನೇದು ಕುಡೀರಿ” ಎನ್ನುತ್ತಿದ್ದರು. ಅವರ ಮನೆಯವರು ನಸುಕಿಗೆ ಎದ್ದು ಅಷ್ಟು ಚಹಾ ಕಾಯಿಸಿ ಕೊಡುತ್ತಿದ್ದರು. ಈ ಗ್ರಂಥದಲ್ಲಿ ಆ ತಾಯಿಗೂ ಒಂದು ಲೇಖನ ಮೀಸಲಾಗಬೇಕಿತ್ತು. ತಿದ್ದಿದ ಏಳನೆಯ ನಿಯಮ ಕೈಪಿಡಿಯಲ್ಲಿ ಇಂದಿಗೂ ಹಾಗೆಯೇ ಇದೆ: ಸಮೀಕ್ಷಕರು ಚಹಾವನ್ನು ತಾವೇ ಒಯ್ಯಬೇಕು, ಮನೆಯವರೊಡನೆ ಕೂತು ಕುಡಿಯಬೇಕು.

ಹೊಸ ಅಳತೆಯಲ್ಲಿ ಸೌದೆ ಒಂಬತ್ತರಲ್ಲಿ ಒಂದು ಪಾಲು ತಗ್ಗಿತು. ಅದರೊಡನೆ ಕಾರ್ಯತಂತ್ರ ಕೊಡುವ ಭರವಸೆಯೂ ತಗ್ಗಿತು. ಮೇಲಿನವರ ಮುಖ ಗಂಟಿಕ್ಕಿತು. ಮೇಷ್ಟ್ರಿಗೇ ಬರುವುದೆಂದು ಎಲ್ಲರೂ ತಿಳಿದಿದ್ದ ಮುಖ್ಯಸ್ಥರ ಹುದ್ದೆ ಆ ವರ್ಷ ಬೇರೊಬ್ಬರಿಗೆ ಹೋಯಿತು. ತಮಗಿಂತ ಹನ್ನೆರಡು ವರ್ಷ ಕಿರಿಯರಾದ ಆ ಅಧಿಕಾರಿಗೆ ಕಡತ ಓದುವುದನ್ನು ಕಲಿಸಿಕೊಟ್ಟವರೂ ಮೇಷ್ಟ್ರೇ. ಈ ಲೇಖಕಿಯ ಕೆಲಸ ಖಾಯಂ ಆಯಿತು. ಚಹಾ ಕುಡಿದವರು ಯಾರೆಂದು ಯಾರೂ ಕೇಳಲಿಲ್ಲವಲ್ಲ, ಬದುಕಿದೆ ಎಂದುಕೊಂಡು ಅವಳು ಸುಮ್ಮನಾದಳು. ಹದಿನಾರು ವರ್ಷ ಹಾಗೆಯೇ ನಂಬಿದ್ದಳು.

ಎರಡನೆಯ ಕಾರ್ಯತಂತ್ರದ ಕಾಲಕ್ಕೆ ಮೇಷ್ಟ್ರು ಚಹಾದ ಪಾಠವನ್ನು ಎಲ್ಲ ಕಡೆಗೂ ಕೊಂಡೊಯ್ದರು. ನಿಲ್ದಾಣದಲ್ಲಿ ನಿಂತ ಬಸ್ಸುಗಳ ಎಂಜಿನ್ ಆರಿಸಬೇಕೆಂದು ಆಜ್ಞೆ ಹೊರಡಿಸಿದರೆ ಸಾಕೆಂದು ತಜ್ಞರು ಬರೆದಿದ್ದರು. ಮೇಷ್ಟ್ರು ಹೋಗಿ ಚಾಲಕರ ಪಕ್ಕದಲ್ಲಿ ಕೂತರು. “ಆರಿಸಿದ್ರೆ ಮತ್ತೆ ಹೊತ್ಕೊಳ್ಳಲ್ಲ ಸಾರ್, ಬ್ಯಾಟರಿ ಅಷ್ಟು ಹಳೇದು. ತಳ್ಳೋಕೆ ನೀವು ಬರ್ತೀರಾ?” ಎಂದನಂತೆ ಒಬ್ಬ. ಕಾರ್ಯತಂತ್ರದಲ್ಲಿ ಆಜ್ಞೆಯ ಜಾಗಕ್ಕೆ ಹೊಸ ಬ್ಯಾಟರಿಗಳು ಬಂದವು, ಎಂಜಿನ್ನುಗಳು ತಾವಾಗಿ ಆರಿದವು. ಜನ ಹೇಗಿರಬೇಕು ಎನ್ನುವುದಕ್ಕಿಂತ ಹೇಗಿದ್ದಾರೆ ಎನ್ನುವುದರಿಂದ ಯೋಜನೆ ಶುರುವಾಗಬೇಕೆಂದು ಅವರು ಭಾಷಣದಲ್ಲಿ ಹೇಳಿದ್ದಿಲ್ಲ, ಮಾಡಿ ತೋರಿಸಿದರು.

ಈ ಗ್ರಂಥಕ್ಕಾಗಿ ಹಳೆಯ ಕಾಗದಗಳನ್ನು ಹುಡುಕುತ್ತಿದ್ದಾಗ ದಾಖಲೆ ಕೋಣೆಯ ಗುಮಾಸ್ತರು ಒಂದು ಕಡತ ತಂದಿಟ್ಟರು. ಅದರ ಅಂಚಿನಲ್ಲಿ ಕಾರ್ಯದರ್ಶಿಗಳ ಕೈಬರಹ: “ಇದಕ್ಕೆ ಹೊಣೆ ಯಾರು? ಹೆಸರು ತಿಳಿಸಿ, ಕೆಲಸದಿಂದ ಕೈಬಿಡಲು.” ಕೇಳಿದ್ದರು, ಹಾಗಾದರೆ. ಕೆಳಗೆ ಮೇಷ್ಟ್ರ ದುಂಡು ಅಕ್ಷರ, ಪೆನ್ಸಿಲಿನಲ್ಲಲ್ಲ, ಶಾಯಿಯಲ್ಲಿ: “ಸಮೀಕ್ಷಕರು ಏಳನೆಯ ನಿಯಮ ಪಾಲಿಸಿಲ್ಲ. ಸಭ್ಯರಾದ ಯಾರಿಂದಲೂ ಪಾಲಿಸಲಾಗದ ನಿಯಮವನ್ನು ಬರೆದವನು ನಾನು, ಲೋಪ ನನ್ನದು. ಅದು ಪತ್ತೆಯಾದ ಮನೆಯಲ್ಲಿ ನಾನೂ ಒಂದು ಲೋಟ ಕುಡಿದಿದ್ದೇನೆ.”

ಮೇಷ್ಟ್ರಿಗೆ ಅಂದು ತಪ್ಪಿದ ಮುಖ್ಯಸ್ಥರ ಕುರ್ಚಿಯಲ್ಲಿ ಇಂದು ಕೂತಿರುವವಳು ಈ ಲೇಖಕಿ. ಆ ಹಾಳೆಯನ್ನು ಓದಿದ ದಿನ ಆ ಕುರ್ಚಿಯಲ್ಲಿ ಕೂರಲು ಅವಳಿಗೆ ಆಗಲಿಲ್ಲ. ಈ ಲೇಖನದ ಕರಡನ್ನು ಹಿಡಿದು ಅವರ ಮನೆಗೆ ಹೋಗಿ, ಮುಂದಿಟ್ಟು ಕೇಳಿದಳು:

“ಯಾಕೆ ಸರ್ ಒಂದು ಮಾತೂ ಹೇಳ್ಲಿಲ್ಲ?”

“ಹೇಳೋದೇನಿತ್ತಮ್ಮಾ? ನಿಯಮದಲ್ಲಿ ತಪ್ಪಿತ್ತು, ತಿದ್ದಿದೆ.”

ಒಳಗಿನಿಂದ ಚಹಾ ತಂದ ಅವರ ಮನೆಯವರು ನಕ್ಕರು. “ಅವತ್ತು ಬಂದು, ಆ ಹುಡುಗಿ ಜಾಗದಲ್ಲಿ ನಾನಿದ್ರೂ ಕುಡೀತಿದ್ದೆ ಕಣೇ ಅಂದ್ರು. ಆಮೇಲೆ ಫ್ಲಾಸ್ಕ್ ಎಲ್ಲಿದೆ ಅಂತ ಹುಡುಕೋಕೆ ಶುರು ಮಾಡಿದ್ರು ನೋಡಮ್ಮ.”

ಮೇಷ್ಟ್ರು ಕರಡನ್ನು ಪೂರ್ತಿ ಓದಿ, ಹೊಗಳಿಕೆಯ ಎರಡು ಪುಟಗಳಿಗೆ ಅಡ್ಡಗೆರೆ ಎಳೆದರು. ಆಮೇಲೆ ‘ಎಲ್ಲಾ ಮನೇಲೂ’ ಎಂಬಲ್ಲಿ ಪೆನ್ಸಿಲ್ ನಿಲ್ಲಿಸಿ, ಅಂಚಿನಲ್ಲಿ ಸಣ್ಣಗೆ ಬರೆದರು: “ನಾನೂರ ಒಂಬತ್ತು. ಮೂರು ಮನೆಯಲ್ಲಿ ಹಾಲು ಇರಲಿಲ್ಲ.” ಪಕ್ಕದಲ್ಲಿ ಒಂದು ರಬ್ಬರ್ ಇಟ್ಟರು.

ಆ ರಬ್ಬರನ್ನು ಈ ಲೇಖಕಿ ಬಳಸಿಲ್ಲ. ಮೇಷ್ಟ್ರು ನೂರು ಕಾಲ ಬಾಳಲಿ. ಅವರ ತಕ್ಕಡಿಯ ಕೊಕ್ಕೆ ತುಕ್ಕು ಹಿಡಿಯದಿರಲಿ. ಮೂರನೆಯ ಕಾರ್ಯತಂತ್ರದ ಕರಡಿನ ಮೇಲೂ ಅವರ ಪೆನ್ಸಿಲ್ ಓಡಾಡಲಿ. ಆ ತಾಯಿಯ ಕೈಯ ಚಹಾ ಇಬ್ಬರನ್ನೂ ಗಟ್ಟಿಯಾಗಿಟ್ಟಿರಲಿ. ಹದಿನಾರು ವರ್ಷದ ಹಿಂದಿನ ಆ ಹಾಳೆಯಲ್ಲಿ ಇರಬೇಕಾಗಿದ್ದ ಹೆಸರನ್ನು ಅವರು ಬರೆಯಲಿಲ್ಲ. ಆದ್ದರಿಂದ ತಡವಾಗಿಯಾದರೂ, ಶಾಯಿಯಲ್ಲೇ, ಇಲ್ಲಿ ಸಹಿ ಹಾಕುತ್ತಿರುವವಳು:

ನಾನೂರ ಒಂಬತ್ತು ಮನೆಗಳಲ್ಲಿ ಚಹಾ ಕುಡಿಯಲು ಅಪ್ಪಣೆ ಕೊಟ್ಟವಳು