ಫ್ಯಾನು ನಿಲ್ಲಿಸಿ ಕೇಳಿದ ಹಾರ್ಪ್ಸಿಕಾರ್ಡ್

ಎರಡು ವರ್ಷದ ಹಿಂದಿನ ಡಿಸೆಂಬರ್. ಕಾಪುವಿನ ಒಂದು ಹಳೆಯ ಸಭಾಭವನಕ್ಕೆ ನಾನು ಮ್ಯಾನೇಜರ್. ಈಗಲೂ ಅಲ್ಲಿಯೇ ಇದ್ದೇನೆ. ಮ್ಯಾನೇಜರ್ ಎಂದರೆ ದೊಡ್ಡ ಹುದ್ದೆಯೇನಲ್ಲ. ಬುಕಿಂಗ್ ಬರೆದುಕೊಳ್ಳುವುದು, ಟ್ಯಾಂಕಿಗೆ ನೀರು ಏರಿಸುವುದು, ಕುರ್ಚಿ ಹಾಕಿಸುವುದು, ಊಟದ ಹಾಲ್ ತೊಳೆಸುವುದು. ಮದುವೆಗೆ ಎಂತ ಬೇಕು, ತಾಳಮದ್ದಳೆಗೆ ಎಂತ ಬೇಕು ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಹಾಗೆಂದುಕೊಂಡಿದ್ದೆ.

ಆ ತಿಂಗಳು ಮಣಿಪಾಲದಿಂದ ಸುಜಯಾ ಮೇಡಂ ಬಂದರು. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಹಾಲಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಸದ್ದು ಮರಳುವುದನ್ನು ಕೇಳಿ, ತಲೆ ಎತ್ತಿ ಮರದ ಮುಚ್ಚಿಗೆಯನ್ನು ನೋಡಿ, "ಇದೇ ಬೇಕಿತ್ತು" ಎಂದರು. ಅವರದು ಬರೋಕ್ ಸಂಗೀತ, ಅಂದರೆ ಮುನ್ನೂರು ವರ್ಷ ಹಿಂದಿನ ಯುರೋಪಿನ ಸಂಗೀತ. ಅವರ ತಂಡದ ಕಾರ್ಕಳದ ವಿನ್ಸೆಂಟ್ ಸರ್ ಮತ್ತು ಅವರ ಮಗಳು ರೀನಾ ಹಳೆಯ ಮಾದರಿಯ ಮರದ ಕೊಳಲುಗಳನ್ನು ನುಡಿಸುವವರು. ಮೇಡಂ ನುಡಿಸುವುದು ಹಾರ್ಪ್ಸಿಕಾರ್ಡ್. ನೋಡಲಿಕ್ಕೆ ಪಿಯಾನೋದ ತಮ್ಮನ ಹಾಗೆ. ಆದರೆ ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಬಡಿಯುತ್ತದೆ. ಇದರಲ್ಲಿ ಒಂದು ಸಣ್ಣ ಕಡ್ಡಿ ತಂತಿಯನ್ನು ಮೀಟುತ್ತದೆ. ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದರೂ ಸದ್ದು ಅಷ್ಟೇ.

ಬಿಡಿಭಾಗಗಳನ್ನು ಹೊರದೇಶದಿಂದ ತರಿಸಿ, ಉದ್ಯಾವರದ ಒಬ್ಬ ಆಚಾರಿಯವರ ಜೊತೆ ಕೂತು ಅವರೇ ಅದನ್ನು ಕಟ್ಟಿದ್ದರಂತೆ. ಒಂದೇ ಒಂದು ಸಲ ಹೊರಗೆ ನುಡಿಸಿದಾಗ ಸಂಘಟಕರು ನಾಲ್ಕು ಮೈಕ್ ಇಟ್ಟಿದ್ದರು. "ಸ್ಟೀಲ್ ತಟ್ಟೆಗೆ ಚಮಚ ಬಿದ್ದ ಹಾಗೆ ಕೇಳಿತು, ಶಾಂತಾ. ಜನ ಅರ್ಧದಲ್ಲೇ ಎದ್ದು ಹೋದರು. ಇದರ ನಿಜವಾದ ಸ್ವರ ಒಂದು ಸಲವಾದರೂ ನಾಲ್ಕು ಜನರ ಕಿವಿಗೆ ಬೀಳಬೇಕು. ಇಲ್ಲಿಯೂ ಆಗದಿದ್ದರೆ ಮನೆಯಿಂದ ಹೊರಗೆ ತರುವುದಿಲ್ಲ" ಎಂದರು.

ಕಾರ್ಯಕ್ರಮದ ದಿನ ಬೆಳಿಗ್ಗೆ ಹಾರ್ಪ್ಸಿಕಾರ್ಡ್ ರಜಾಯಿ ಹೊದ್ದುಕೊಂಡು ಪಿಕಪ್ಪಿನಲ್ಲಿ ಬಂತು. ಮೇಡಂ ಮೇಲೆ ನನಗೆ ಗೌರವ ಬೆಳೆದಿತ್ತಲ್ಲ, ಮಂತ್ರಿಗಳು ಬಂದಾಗ ಮಾತ್ರ ತೆಗೆಯುವ ಕೆಂಪು ಕಾರ್ಪೆಟ್ ಹಾಸಿಸಿ, ವೇದಿಕೆಯ ಹಿಂದೆ ಮಖಮಲ್ ಪರದೆ ಕಟ್ಟಿಸಿದ್ದೆ. ವಿನ್ಸೆಂಟ್ ಸರ್ ಕೊಳಲಿನಲ್ಲಿ ಎರಡು ಸ್ವರ ಊದಿ ನೋಡಿ ನಕ್ಕುಬಿಟ್ಟರು.

"ಅಕ್ಕ, ಬಹಳ ಚಂದ ಉಂಟು. ಆದರೆ ನಮ್ಮ ಸ್ವರವನ್ನು ಎಲ್ಲ ಈ ಬಟ್ಟೆಯೇ ಕುಡಿಯುತ್ತದೆ."

ಕಾರ್ಪೆಟ್ ಸುತ್ತಿಸಿದೆ, ಪರದೆ ಬಿಚ್ಚಿಸಿದೆ. ಶ್ರುತಿ ಮಾಡಲು ಕೂತ ಮೇಡಂ ಮೇಲೆ ನೋಡಿ ಫ್ಯಾನೂ ಬೇಡವೆಂದರು. ಗಾಳಿ ಬಡಿದರೆ ಶ್ರುತಿ ನಿಲ್ಲುವುದಿಲ್ಲವಂತೆ, ಅದರ ಗರಗರ ಸದ್ದು ಬೇರೆ. ನಮ್ಮ ಎಲೆಕ್ಟ್ರಿಷಿಯನ್ ಸದಾಶಿವ ಏಣಿಯ ಮೇಲಿಂದಲೇ ಕೇಳಿದ:

"ಶಾಂತಕ್ಕ, ಮೈಕ್ ಬೇಡ, ಕಾರ್ಪೆಟ್ ಬೇಡ, ಫ್ಯಾನ್ ಬೇಡ. ಜನ ಆದ್ರೂ ಬೇಕಂತಾ?"

"ನೀನು ಬಾಯಿ ಮುಚ್ಚಿದ್ರೆ ಎಲ್ಲ ಸರಿಯಾಗ್ತದೆ ಮಾರಾಯ" ಎಂದೆ. ಎಳೆದರೆ ಕಿರುಗುಟ್ಟುವ ಫೈಬರ್ ಕುರ್ಚಿಗಳನ್ನು ತೆಗೆಸಿ, ಮುಂದೆ ಚಾಪೆ, ಹಿಂದೆ ಮರದ ಬೆಂಚು ಹಾಕಿಸಿದೆ.

ಸಂಜೆ ಜನ ಬರಲು ಇನ್ನೇನು ಸ್ವಲ್ಪ ಹೊತ್ತು. ಅಷ್ಟರಲ್ಲಿ ಪಕ್ಕದ ಕಂಪೌಂಡಿನಿಂದ "ಹಲೋ, ಚೆಕ್, ಚೆಕ್" ಕೇಳಿತು. ಹಿಂದೆಯೇ ಧಡ್ ಎಂದು ಒಂದು ಪೆಟ್ಟು. ಯಾರೂ ಮುಟ್ಟದಿದ್ದರೂ ಹಾರ್ಪ್ಸಿಕಾರ್ಡಿನ ತಂತಿಗಳು ಝುಂಯ್ ಎಂದವು. ಪಕ್ಕದ ಮನೆಯ ಲೋಕಣ್ಣನ ಮಗಳು ದೀಕ್ಷಾಳ ಮೆಹಂದಿ! ಮದುವೆಯ ಹಿಂದಿನ ಸಂಜೆಯ ಈ ಗಮ್ಮತ್ತು ಡಿಜೆ ಇಲ್ಲದೆ ನಮ್ಮಲ್ಲಿ ನಡೆಯುವುದಿಲ್ಲ. ಅದಕ್ಕೆ ಕುರ್ಚಿ ಕಳಿಸಿದವಳೂ ನಾನೇ. ಎರಡನ್ನೂ ಒಟ್ಟಿಗೆ ಯೋಚಿಸಿರಲಿಲ್ಲ, ಅಷ್ಟೆ. ಮೇಡಂ ನಡುಗುತ್ತಿದ್ದ ತಂತಿಗಳ ಮೇಲೆ ಅಂಗೈ ಇಟ್ಟುಕೊಂಡು ಕೂತರು. ನಾನು ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ಲೋಕಣ್ಣ ಹೊಸ ಪಂಚೆಯಲ್ಲಿ ಗೇಟಿನ ಹತ್ತಿರವೇ ಇದ್ದರು. ವಿಷಯ ಹೇಳಿದೆ.

"ಎಂತ ಮಾರಾಯ್ತಿ! ಇರುವುದು ಒಬ್ಬಳೇ ಮಗಳು. ಡಿಜೆ ಬಂದ್ ಮಾಡಿದ್ರೆ ನಾಳೆ ಬಾವಂದಿರು ನನ್ನನ್ನು ಬಿಡ್ತಾರಾ?"

"ಬಂದ್ ಅಲ್ಲ ಲೋಕಣ್ಣ, ಸ್ವಲ್ಪ ತಡ. ಒಂದೂವರೆ ಗಂಟೆ."

"ಆ ಹೊತ್ತಿಗೆ ಬಂದವರು ಎಂತ ಮಾಡುದು? ನನ್ನ ಮುಖ ನೋಡುದಾ?"

ಒಳಗಿನಿಂದ ದೀಕ್ಷಾ ಬಂದಳು. ಮೊಣಕೈವರೆಗೆ ಹಸಿ ಮೆಹಂದಿ, ಎರಡು ಕೈಯನ್ನೂ ಎತ್ತಿ ಹಿಡಿದಿದ್ದಳು. "ಅಪ್ಪ, ಇದು ಒಣಗುವವರೆಗೆ ನಾನು ಅಲುಗಾಡುವ ಹಾಗಿಲ್ಲ. ನನ್ನ ಮೆಹಂದಿಗೆ ನಾನು ಸುಮ್ಮನೆ ಕೂತು, ನೀವೆಲ್ಲ ಕುಣಿಯುದಾ? ಒಣಗಿದ ಮೇಲೆ ಡಿಜೆ. ಅಷ್ಟರವರೆಗೆ ನಾನು ಶಾಂತಕ್ಕನ ಪ್ರೋಗ್ರಾಂಗೆ ಹೋಗ್ತೇನೆ."

ಲೋಕಣ್ಣ ನನ್ನ ಮುಖ ನೋಡಿದರು, ಮಗಳ ಕೈ ನೋಡಿದರು. "ಮೊದಲು ಊಟ ಬಡಿಸಿ" ಎಂದು ಒಳಗೆ ಕೂಗಿದರು.

ಊಟಕ್ಕೆ ಕೂತವರು ಕೂತರು, ಉಳಿದವರು ಜರಿ ಸೀರೆಯಲ್ಲೇ ದೀಕ್ಷಾಳ ಹಿಂದೆ ಬಂದರು. ನಾವು ಎಣಿಸಿದ್ದಕ್ಕಿಂತ ದುಪ್ಪಟ್ಟು ಜನ. ಯಾರೂ ಫ್ಯಾನ್ ಹಾಕದ ಹಾಗೆ ಸದಾಶಿವ ಮೇನ್ ಸ್ವಿಚ್ಚಿನ ಹತ್ತಿರ ಕಾವಲು ನಿಂತ. ಮೇಡಂ ನುಡಿಸಲು ಶುರು ಮಾಡಿದಾಗ ಮೊದಲಿಗೆ ಏನೂ ಕೇಳಿಸಲಿಲ್ಲ. ಸೆಕೆ, ಒಂದು ಕೆಮ್ಮು, ದೂರದ ಹೈವೇ. ಕಿವಿ ಹುಡುಕುತ್ತಾ ಹೋದ ಹಾಗೆ ತಂತಿಯ ಸ್ವರ ಸಿಕ್ಕಿತು, ತೆಳ್ಳಗೆ, ಚುರುಕಾಗಿ, ಹೆಂಚಿನ ಮೇಲೆ ಬಿಡಿಬಿಡಿಯಾಗಿ ಬೀಳುವ ಮೊದಲ ಹನಿಗಳ ಹಾಗೆ. ಅದರ ಮೇಲೆ ತಂದೆ ಮಗಳ ಕೊಳಲುಗಳು; ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಎದುರುತ್ತರ ಕೊಟ್ಟು, ಕೊನೆಗೆ ಒಟ್ಟಿಗೆ ಓಡಿದಂತೆ. ಮರದ ಮುಚ್ಚಿಗೆ ಎಲ್ಲವನ್ನೂ ಹಿಂದಿನ ಬೆಂಚಿನವರೆಗೆ ತಲುಪಿಸುತ್ತಿತ್ತು. ಒಬ್ಬರೂ ಏಳಲಿಲ್ಲ.

ಮುಗಿದಾಗ ಹಾಲ್ ಇಡೀ ಚಪ್ಪಾಳೆ. ಮುಂದಿನ ಚಾಪೆಯಲ್ಲಿ ದೀಕ್ಷಾ ಮಾತ್ರ ತಟ್ಟುವ ಹಾಗಿರಲಿಲ್ಲ. ಎರಡು ಕೈಯನ್ನೂ ಮೇಲೆತ್ತಿ ಅಲ್ಲಾಡಿಸುತ್ತಿದ್ದಳು. ಅದನ್ನು ನೋಡಿ ಅವಳ ಅತ್ತಿಗೆಯರೂ ಹಾಗೆಯೇ ಕೈ ಅಲ್ಲಾಡಿಸಿದರು. ಮೇಡಂ ಎದ್ದು ನಿಂತು, ನಗುತ್ತಾ, ಸೆರಗಿನಿಂದ ಕಣ್ಣು ಒರೆಸಿಕೊಂಡು, ಅವರಿಗೆ ಹಾಗೆಯೇ ಎರಡು ಕೈ ಎತ್ತಿದರು.

ಆಮೇಲೆ ಲೋಕಣ್ಣ ನಮ್ಮನ್ನೆಲ್ಲ ನೀರುದೋಸೆ, ಕೋಳಿ ಸುಕ್ಕಕ್ಕೆ ಎಳೆದುಕೊಂಡು ಹೋದರು. ವಿನ್ಸೆಂಟ್ ಸರ್ ಡಿಜೆಯ ತಾಳಕ್ಕೆ ಮರದ ಕೊಳಲು ಊದಿದರು, ಅದೂ ಮೈಕಿನಲ್ಲಿ. ಮೇಡಂ ಕುಣಿದರು. ಹಾರ್ಪ್ಸಿಕಾರ್ಡ್ ಅದರ ನಂತರ ಎರಡು ಸಲ ನಮ್ಮ ಹಾಲಿಗೆ ಬಂದಿದೆ.

ಕೇಳಿದ್ದನ್ನೆಲ್ಲ ಒದಗಿಸುವುದೇ ನನ್ನ ಕೆಲಸ ಎಂದುಕೊಂಡು ಇಷ್ಟು ವರ್ಷ ದುಡಿದಿದ್ದೆ. ಬೇಡದ್ದನ್ನು ತೆಗೆದಿಡುವುದೂ ಕೆಲಸವೇ ಎಂದು ಕಲಿಸಿದ್ದು ಆ ಸಂಜೆ. ಈಗ ಯಾರು ಹಾಲ್ ಕೇಳಿಕೊಂಡು ಬಂದರೂ, "ಎಂತ ಬೇಕು?" ಎಂದು ಕೇಳುವ ಮೊದಲು "ನಿಮಗೆ ಎಂತ ಬೇಡ?" ಎಂದು ಕೇಳುತ್ತೇನೆ. ಹೆಚ್ಚಿನವರು ಗಲಿಬಿಲಿಗೊಳ್ಳುತ್ತಾರೆ. ಮೊನ್ನೆ ಒಬ್ಬ ಮದುಮಗ ಮಾತ್ರ ಥಟ್ಟನೆ ಹೇಳಿದ: "ಭಾಷಣ."