ಪ್ರೊಫೆಸರಮ್ಮ ಕಾಪಾಡಿದ ಗುಟ್ಟು

ರಾಜ್ಯಶಾಸ್ತ್ರ ವಿಭಾಗದಲ್ಲಿ ಅವರನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಗುಟ್ಟಮ್ಮ. ಸರ್ಕಾರ ಮುಚ್ಚಿಡುವ ಸಂಗತಿಗಳೇ ಅವರ ಸಂಶೋಧನೆಯ ವಿಷಯ. ಸರ್ಕಾರ ಏನನ್ನೂ ಹೇಳುತ್ತಿರಲಿಲ್ಲವಾದ್ದರಿಂದ ಬರೆಯುವುದಕ್ಕೆ ಅವರಿಗೆ ಎಂದೂ ಕೊರತೆಯಾಗಲಿಲ್ಲ.

ಅವರಿಗೆ ಹೆಸರು ತಂದದ್ದು ಮೊದಲ ಪುಸ್ತಕ. ಅವರು ವಿದ್ಯಾರ್ಥಿನಿಯಾಗಿದ್ದ ಕಾಲಕ್ಕೆ ಒಂದು ಬೇಸಿಗೆಯಲ್ಲಿ ಶಾಸನಸಭೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿಕೊಂಡಿತ್ತು. ಹಿಂಬಾಗಿಲಿಗೆ ಸೇನೆಯ ಲಾರಿಗಳು ಬಂದದ್ದನ್ನು ಜನ ಕಂಡಿದ್ದರು. ಮಂತ್ರಿಗಳೂ ದಂಡನಾಯಕರೂ ಸೇರಿ ಪ್ರಜಾಪ್ರಭುತ್ವದ ಕತ್ತು ಹಿಸುಕಲು ಹೊರಟಿದ್ದರೆಂದು ಮೇಡಂ ಆ ಪುಸ್ತಕದಲ್ಲಿ ಸಾಧಿಸಿದರು. ಆ ಬೇಸಿಗೆಯ ಸರ್ಕಾರಿ ಕಡತ ತೋರಿಸಿ ಎಂದು ಅರ್ಜಿ ಹಾಕಿದಾಗಲೆಲ್ಲ ಆಗುವುದಿಲ್ಲ ಎಂಬ ಉತ್ತರ ಬಂತು. ಪ್ರತಿ ನಿರಾಕರಣೆಗೂ ಪುಸ್ತಕ ಒಂದು ಮರುಮುದ್ರಣ ಕಂಡಿತು.

ಕೊನೆಗೆ ಸರ್ಕಾರಕ್ಕೆ ಅದೇನು ಬುದ್ಧಿ ಬಂತೋ, ಹಳೆಯ ಕಡತಗಳಲ್ಲಿ ಯಾವುದನ್ನು ತೆರೆಯಬಹುದೆಂದು ತೀರ್ಮಾನಿಸುವ ಸಮಿತಿಗೆ ಅವರನ್ನೇ ನೇಮಿಸಿತು. ಒಳಗೆ ಕಂಡದ್ದನ್ನು ಹೊರಗೆ ಆಡುವುದಿಲ್ಲವೆಂದು ಸಹಿ ಹಾಕಿ, ನೆಲಮಾಳಿಗೆಯ ಕೋಣೆಗೆ ಇಳಿದರು. ಬಾಗಿಲಲ್ಲೇ ಕಾವಲುಗಾರ ಫೋನು, ಪೆನ್ನು ಎರಡನ್ನೂ ಕಿತ್ತುಕೊಂಡ. ಜೀವಮಾನವಿಡೀ ಬೇಡಿದ್ದ ಕಡತ ಮೇಜಿನ ಮೇಲಿತ್ತು. ಹಪ್ಪಳದಷ್ಟು ತೆಳ್ಳಗೆ.

ಸಭಾಂಗಣದ ನೆಲಹಲಗೆಯಡಿ ಇಲಿಗಳು ಸತ್ತು ಕೊಳೆತು, ಸದಸ್ಯರು ಕೂರಲಾಗದಷ್ಟು ನಾರುತ್ತಿತ್ತಂತೆ. ಹಲಗೆ ಕಿತ್ತು ಶುಚಿ ಮಾಡುವವರಿಗಾಗಿ ಸೇನೆಯ ಲಾರಿಗಳಲ್ಲಿ ಅನಿಲ ತಡೆಯುವ ಮುಖವಾಡ ತರಿಸಿದ್ದರು. ಜನರಿಗೆ ಗೊತ್ತಾದರೆ ಸದನದ ಘನತೆ ಮಣ್ಣುಪಾಲಾಗುವುದೆಂದು ಸಭಾಧ್ಯಕ್ಷರು ಅತ್ಯಂತ ರಹಸ್ಯ ಎಂಬ ಮೊಹರು ಒತ್ತಿಸಿದ್ದರು. ಮೇಡಂ ಎರಡು ಸಲ ಓದಿದರು. ಹಾಳೆಗಳ ಹಿಂಬದಿಯನ್ನೂ ನೋಡಿದರು. ಅಲ್ಲಿಯೂ ಪ್ರಜಾಪ್ರಭುತ್ವದ ಕತ್ತು ಕಾಣಲಿಲ್ಲ.

ಸಮಿತಿ ಕೂತಾಗ ಅಧ್ಯಕ್ಷರು, ಇದರಲ್ಲೇನಿದೆ, ಬಿಡುಗಡೆ ಮಾಡಿಬಿಡೋಣ ಎಂದರು.

"ಆತುರ ಬೇಡ," ಎಂದರು ಮೇಡಂ. "ಸಂಸ್ಥೆಗಳ ಮೇಲೆ ಜನ ಇಟ್ಟಿರೋ ನಂಬಿಕೆ ಅಲ್ಲಾಡಿಹೋಗುತ್ತೆ."

ಯಾವ ಸಂಸ್ಥೆ ಎಂದು ಯಾರೂ ಕೇಳಲಿಲ್ಲ. ಕಡತ ಇನ್ನೊಂದು ತಲೆಮಾರಿಗೆ ಬೀಗ ಹಾಕಿಸಿಕೊಂಡಿತು.

ಮನೆಯಲ್ಲಿ ಗಂಡ ಕಾದಿದ್ದರು. ಹಲ್ಲಿನ ಡಾಕ್ಟರರಾಗಿ ಊರಿನವರ ಬಾಯನ್ನೆಲ್ಲ ತೆರೆಸಿದ್ದ ಅವರಿಗೆ ಹೆಂಡತಿಯ ಬಾಯಿ ಮಾತ್ರ ತೆರೆಸಲಾಗಲಿಲ್ಲ. ಅದೇ ವಿಷಯದ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಶಿಷ್ಯೆ ಬಂದು, ಆ ಕಡತ ನೋಡಿದ್ರಾ ಮೇಡಂ ಎಂದಳು.

"ನೋಡಿದೀನೋ ಇಲ್ಲವೋ ಅನ್ನೋದನ್ನೂ ಹೇಳೋ ಹಾಗಿಲ್ಲ ಕಣಮ್ಮ."

ಹುಡುಗಿ ಜಾಣೆ. ಸತ್ಯವನ್ನು ಬಯಲಿಗೆಳೆಯಲು ಬದುಕನ್ನೇ ತೇದವರೂ ಬಾಯಿ ಮುಚ್ಚಿಕೊಳ್ಳಬೇಕಾಯಿತೆಂದರೆ ಸಂಚು ಪುಸ್ತಕದಲ್ಲಿರುವುದಕ್ಕಿಂತ ಘೋರವಾಗಿರಲೇಬೇಕೆಂದು ಒಂದು ಅಧ್ಯಾಯವನ್ನೇ ಬರೆದಳು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆಧಾರ ಕೇಳಿದರು. ಅವಳು ಗುರುವಿನತ್ತ ಕೈ ತೋರಿದಳು. ಎಲ್ಲರೂ ಮೇಡಂ ಕಡೆ ತಿರುಗಿದರು. ಒಂದು ಮಾತು ಆಡಿದ್ದರೆ ಆ ಹುಡುಗಿ ಸುಳ್ಳಿನಿಂದ ಬಚಾವಾಗುತ್ತಿದ್ದಳು. ಮೇಡಂ ಗಂಟಲು ಸರಿಮಾಡಿಕೊಂಡು, ನೀರು ಕುಡಿದು, ಲೋಟ ಕೆಳಗಿಟ್ಟರು. ಪರೀಕ್ಷಕರು ಅದನ್ನೇ ಉತ್ತರವೆಂದು ಬರೆದುಕೊಂಡರು.

ಪ್ರಬಂಧಕ್ಕೆ ಆ ವರ್ಷದ ಚಿನ್ನದ ಪದಕ ಸಿಕ್ಕಿತು. ಮೇಡಂ ಪುಸ್ತಕದ ಹೊಸ ಆವೃತ್ತಿಗೆ ಶಿಷ್ಯೆಯೇ ಮುನ್ನುಡಿ ಬರೆದಳು. ಅದನ್ನು ಓದಿದ ಗಂಡ ಕನ್ನಡಕ ತೆಗೆದು ಕೇಳಿದರು: "ನಿಜವಾಗ್ಲೂ ಅಷ್ಟು ಭಯಂಕರವಾಗಿತ್ತೇನೇ?"

"ಹೂಂ ರೀ," ಎಂದರು ಮೇಡಂ. ಆ ದಿನ ಅವರಿಗೆ ಊಟ ಸೇರಲಿಲ್ಲ.